ಅಮೆರಿಕದ ಮೊದಲ ವರ್ಷದ ಕಡ್ಡಾಯ ರೈಟಿಂಗ್ ಕೋರ್ಸ್: ಹಾಜರಾತಿ, ಪ್ಲೇಜಿಯರಿಸಂ, ಎಐ, ಉಚಿತ ಸಹಾಯ. ಗೊತ್ತಿದ್ದವರು ತಿಳಿಸಿ

ಬೆಣ್ಣೆದೋಸೆ_ಊರಿನವ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಎಸ್.ಗೆ ಸೀಟಾಗಿದೆ, ಆಗಸ್ಟ್‌ನಲ್ಲಿ ಟೆಂಪಿಗೆ ಹೊರಡ್ತಾಳೆ. ಪಿಯುಸಿ ಸೈನ್ಸ್, ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ, ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಸ್ಕೋರ್ ಚೆನ್ನಾಗಿದೆ. ಆದರೂ ಮೊದಲ ವರ್ಷ ಎರಡು ಸೆಮಿಸ್ಟರ್ ಇಂಗ್ಲಿಷ್ ರೈಟಿಂಗ್ ಕಡ್ಡಾಯ ಅಂತಿದೆ. ಟೋಫೆಲ್ ಬರೆದ ಮೇಲೂ ಇದು ಯಾಕೆ, ತಪ್ಪಿಸಿಕೊಳ್ಳೋ ದಾರಿ ಇದೆಯಾ? 101 ಅಂತ ಒಂದು, 107 ಅಂತ ಇನ್ನೊಂದು ಕಾಣ್ತಿದೆ, ಯಾವುದು ತಗೋಬೇಕು? ಹಾಜರಾತಿ ನಮ್ಮ 75 ಪರ್ಸೆಂಟ್ ಥರಾನಾ? ಪ್ಲೇಜಿಯರಿಸಂ (ನಕಲು) ಪತ್ತೆ ಸಾಫ್ಟ್‌ವೇರ್‌ನಲ್ಲಿ ಎಷ್ಟು ಪರ್ಸೆಂಟ್ ಒಳಗಿದ್ರೆ ಸರಿ? ಚಾಟ್‌ಜಿಪಿಟಿ, ಗ್ರ್ಯಾಮರ್ಲಿ ಬಳಸಬಹುದಾ? ಟ್ಯೂಷನ್ ಬೇಕಾದ್ರೆ ಅಲ್ಲಿ ಖರ್ಚು ಎಷ್ಟು? ಒಂದೊಂದಕ್ಕೂ ಗೊತ್ತಿರೋರು ಉತ್ತರಿಸಿದ್ರೆ ಉಪಕಾರ.

ಕೆಂಪುಶಾಯಿ:

ಸರ್, ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ಇದು ಇಂಗ್ಲಿಷ್ ಭಾಷೆ ಕಲಿಸುವ ಕೋರ್ಸ್ ಅಲ್ಲ, ಅಲ್ಲೇ ಹುಟ್ಟಿ ಬೆಳೆದವರೂ ತೆಗೆದುಕೊಳ್ಳಲೇಬೇಕು. 1885ರಲ್ಲಿ ಹಾರ್ವರ್ಡ್ 'ಇಂಗ್ಲಿಷ್ ಎ' ಅನ್ನೋ ಕೋರ್ಸನ್ನು ಮೊದಲ ವರ್ಷದವರಿಗೆ ಕಡ್ಡಾಯ ಮಾಡಿದಾಗ ಕೂತಿದ್ದವರು ಅಲ್ಲಿನ ಒಳ್ಳೊಳ್ಳೆ ಶಾಲೆಗಳಿಂದ ಬಂದ ಹುಡುಗರೇ. ಟೋಫೆಲ್ ನೋಡುವುದು ಪಾಠ ಅರ್ಥವಾಗುತ್ತದಾ ಅಂತ. ಈ ಕೋರ್ಸ್ ಕಲಿಸುವುದು ಹತ್ತು ಜನ ಬರೆದದ್ದನ್ನು ಓದಿ, ತೂಗಿ, ತನ್ನದೊಂದು ವಾದ ಕಟ್ಟಿ, ಯಾರ ಮಾತು ಯಾರದು ಅಂತ ತೋರಿಸಿ ಬರೆಯುವುದನ್ನು. ಹಾಗಾಗಿ ಟೋಫೆಲ್‌ನಿಂದ ವಿನಾಯಿತಿ ಸಿಗುವುದಿಲ್ಲ, ಪಿಯುಸಿ ಇಂಗ್ಲಿಷ್ ಅಂಕದಿಂದಲೂ ಇಲ್ಲ. ಎಪಿ ಇಂಗ್ಲಿಷ್ ಅಥವಾ ಐಬಿ ಪರೀಕ್ಷೆ (ಹೈಸ್ಕೂಲಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಗಳು) ಬರೆದವರಿಗೆ ಸ್ಕೋರ್ ನೋಡಿ ಕ್ರೆಡಿಟ್ ಕೊಡುತ್ತಾರೆ. ಮಗಳು ಬರೆದಿಲ್ಲವೆಂದರೆ ತಪ್ಪಿಸಿಕೊಳ್ಳುವ ಯೋಚನೆ ಬಿಡಿ.

101-102 ಜೋಡಿ ಎಲ್ಲರಿಗೂ. 107-108 ಜೋಡಿ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ. ಕ್ರೆಡಿಟ್ ಎರಡಕ್ಕೂ ಒಂದೇ, ಪದವಿಗೆ ಲೆಕ್ಕವಾಗುವುದೂ ಒಂದೇ ಥರ. 107 ಅಂದರೆ 'ದಡ್ಡರ ಬ್ಯಾಚ್' ಅಂತ ನಮ್ಮವರಲ್ಲಿ ಒಂದು ಮಾತಿದೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಆಯ್ಕೆ ಅವಳ ಕೈಯಲ್ಲಿದ್ದರೆ ಇಂಗ್ಲಿಷ್ ಮೀಡಿಯಂ ಅನ್ನೋದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಎರಡೇ ಪ್ರಶ್ನೆ ಕೇಳಿ: ಮೂಲಗಳನ್ನು ಉಲ್ಲೇಖಿಸಿ ಐದು ಪುಟದ ಲೇಖನ ಒಂದಾದರೂ ಬರೆದಿದ್ದಾಳಾ? ಹದಿನೈದು ಪುಟದ ಲೇಖನವೊಂದನ್ನು ಒಂದು ಸಂಜೆ ಓದಿ ಅದರ ವಾದ ಏನು ಅಂತ ನಾಲ್ಕು ಸಾಲಲ್ಲಿ ಹೇಳಬಲ್ಲಳಾ? ಎರಡಕ್ಕೂ ಇಲ್ಲ ಅಂದರೆ 107 ಒಳ್ಳೆಯದು. ಹೀಗೆ ವಿದ್ಯಾರ್ಥಿಯೇ ತನ್ನನ್ನು ಅಳೆದುಕೊಂಡು ಕೋರ್ಸ್ ಆರಿಸುವ ಪದ್ಧತಿ 1996ರಲ್ಲಿ ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್‌ನಲ್ಲಿ ಶುರುವಾಯಿತು, ಈಗ ಎಷ್ಟೋ ಕಡೆ ಇದೆ. ಕೆಲವು ಕಡೆ ಮಾತ್ರ ಸ್ಕೋರ್ ನೋಡಿ ಅವರೇ ಹಾಕುತ್ತಾರೆ.

ಸಮಯದ ಲೆಕ್ಕ: 3 ಕ್ರೆಡಿಟ್ ಅಂದರೆ ವಾರಕ್ಕೆ 3 ಗಂಟೆ ತರಗತಿ. ಒಂದು ಗಂಟೆ ತರಗತಿಗೆ ಎರಡು ಗಂಟೆ ಹೊರಗಿನ ಕೆಲಸ ಅನ್ನುವುದು ಅಲ್ಲಿನ ಫೆಡರಲ್ ವ್ಯಾಖ್ಯಾನ. ಒಟ್ಟು 9 ಗಂಟೆ. ಕೋಡಿಂಗ್ ಅಸೈನ್‌ಮೆಂಟ್ ಜೋರಾಗಿರುವ ವಾರಗಳಲ್ಲಿ ಹುಡುಗರು ಮೊದಲು ಕೈಬಿಡುವುದು ಇದನ್ನೇ.

ಹಾಜರಾತಿ 75 ಪರ್ಸೆಂಟಿನ ಥರ ಅಲ್ಲ. ಕೊನೆಯಲ್ಲಿ ದಂಡ ಕಟ್ಟಿ, ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಸರಿಮಾಡಿಕೊಳ್ಳುವ ದಾರಿ ಇಲ್ಲ. ತುಂಬಾ ಕಡೆ ಇರುವ ಮಿತಿ ಸುಮಾರು ಎರಡು ವಾರದ ತರಗತಿಗಳಷ್ಟು. ವಾರಕ್ಕೆ ಎರಡು ದಿನ ಕ್ಲಾಸಿದ್ದರೆ ನಾಲ್ಕು ಗೈರು, ಐದನೆಯದಕ್ಕೆ ಇಡೀ ಕೋರ್ಸೇ ಫೇಲಾಗಬಹುದು. ಕಾಲೇಜು ಬರವಣಿಗೆ ಅಧ್ಯಾಪಕರ ಸಂಘಟನೆ ಈ ತರಗತಿಗಳಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು ಅನ್ನುತ್ತದೆ, ಎಷ್ಟೋ ಕಡೆ ಅದಕ್ಕೆ ಹತ್ತಿರವೇ ಇರುತ್ತಾರೆ. ಒಬ್ಬರು ಬರದಿದ್ದರೂ ಎದ್ದು ಕಾಣುತ್ತದೆ. ದೀಪಾವಳಿಗೋ ಯುಗಾದಿಗೋ ರಜೆ ಬೇಕಿದ್ದರೆ ಧಾರ್ಮಿಕ ಆಚರಣೆಯ ನಿಯಮ ಪ್ರತ್ಯೇಕ ಇರುತ್ತದೆ, ಆದರೆ ಮುಂಚೆಯೇ ಮೇಲ್ ಮಾಡಿ ತಿಳಿಸಿರಬೇಕು. ಹಬ್ಬ ಮುಗಿದ ಮೇಲೆ ಹೇಳಿದರೆ ಅದು ಬರೀ ಗೈರು.

ನಮ್ಮ ಮಕ್ಕಳು ನಿಜವಾಗಿ ಅಂಕ ಕಳೆದುಕೊಳ್ಳುವುದು ಇಂಗ್ಲಿಷ್‌ನಿಂದ ಅಲ್ಲ, ಡ್ರಾಫ್ಟ್‌ನಿಂದ. ಸೆಮಿಸ್ಟರ್‌ಗೆ ಮೂರೋ ನಾಲ್ಕೋ ದೊಡ್ಡ ಲೇಖನ. ಪ್ರತಿಯೊಂದಕ್ಕೂ ಮೊದಲು ಪ್ರಸ್ತಾವ, ಆಮೇಲೆ ಮೂಲಗಳ ಟಿಪ್ಪಣಿಪಟ್ಟಿ, ಮೊದಲ ಡ್ರಾಫ್ಟ್, ಸಹಪಾಠಿಗಳು ಪರಸ್ಪರ ಓದಿ ಹೇಳುವ ಪಿಯರ್ ರಿವ್ಯೂ, ಟೀಚರ್ ಜೊತೆ ಹತ್ತು ಹದಿನೈದು ನಿಮಿಷದ ಕಾನ್ಫರೆನ್ಸ್, ತಿದ್ದಿದ ಪ್ರತಿ, ಕೊನೆಗೆ 'ಏನು ಬದಲಿಸಿದೆ, ಯಾಕೆ' ಅಂತ ಒಂದು ಪುಟ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಬರೆದು ಪಾಸಾಗುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಡ್ರಾಫ್ಟ್ ಕೊಡದವರ ಕೊನೆಯ ಪ್ರತಿಯನ್ನು ಎಷ್ಟೋ ಸೆಕ್ಷನ್‌ಗಳಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಪಿಯರ್ ರಿವ್ಯೂ ದಿನ ತಪ್ಪಿಸಿದರೆ ಆ ದಿನದ ಅಂಕವೂ ಹೋಯಿತು, ತನ್ನ ಲೇಖನಕ್ಕೆ ಸಿಗಬೇಕಿದ್ದ ಓದೂ ಹೋಯಿತು. ಅರ್ಧಂಬರ್ಧ ಡ್ರಾಫ್ಟ್ ಆದರೂ ಹಿಡಿದುಕೊಂಡು ಹೋಗಲಿ.

ಇನ್ನೊಂದು, ಪೀಠಿಕೆ. ನಮ್ಮ ಶಾಲೆಯ ಪ್ರಬಂಧ 'ನೀರು ಜೀವಜಲ. ನೀರಿಲ್ಲದೆ ಜೀವವಿಲ್ಲ. ಪ್ರಾಚೀನ ಕಾಲದಿಂದಲೂ ಮಾನವನು...' ಅಂತ ಶುರುವಾಗುತ್ತದೆ. ಅಲ್ಲಿ ಇದನ್ನು ಬರೆದರೆ ಅಂಚಿನಲ್ಲಿ 'ನಿನ್ನ ವಾದ ಏನು?' ಅಂತ ಬರುತ್ತದೆ. ಅವರಿಗೆ ಬೇಕಾದದ್ದು ಇಂಥದ್ದು: 'ಮನೆಮನೆಗೆ ಮೀಟರ್ ಹಾಕಿದ ಮಾತ್ರಕ್ಕೆ ನಗರದ ನೀರು ಉಳಿಯುವುದಿಲ್ಲ, ಪೈಪಿನಲ್ಲೇ ಸೋರುವ ನೀರನ್ನು ಮೊದಲು ತಡೆಯಬೇಕು.' ಒಬ್ಬ ಬುದ್ಧಿವಂತ 'ನಾನು ಒಪ್ಪಲ್ಲ' ಅನ್ನಲು ಸಾಧ್ಯವಿರಬೇಕು, ಆಗ ಅದು ವಾದ. 'ನೀರು ಜೀವಜಲ' ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಅದಕ್ಕೇ ಅದರಿಂದ ಲೇಖನ ಹುಟ್ಟುವುದಿಲ್ಲ.

ಗ್ರಂಥಾಲಯದ_ಮೂಲೆ:

ಟ್ಯೂಷನ್ ಪ್ರಶ್ನೆಗೆ ನಾನು ಹೇಳ್ತೀನಿ. ದುಡ್ಡು ಕೊಡಬೇಕಾಗಿಲ್ಲ. ಹೆಚ್ಚುಕಡಿಮೆ ಎಲ್ಲ ಯೂನಿವರ್ಸಿಟಿಗಳಲ್ಲೂ ರೈಟಿಂಗ್ ಸೆಂಟರ್ ಅಂತ ಇರುತ್ತದೆ, ನೀವು ಕಟ್ಟುವ ಫೀಸಿನಲ್ಲೇ ಅದರ ಖರ್ಚು ಸೇರಿದೆ. ಅರ್ಧ ಗಂಟೆಯಿಂದ ಐವತ್ತು ನಿಮಿಷದವರೆಗಿನ ಸ್ಲಾಟ್, ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಹೊರಗಿನ 'ಎಸ್ಸೇ ಹೆಲ್ಪ್' ವೆಬ್‌ಸೈಟುಗಳಿಗೆ, ವಾಟ್ಸಾಪ್‌ನಲ್ಲಿ ಬರುವ 'ಸೀನಿಯರ್ ಎಡಿಟ್ ಮಾಡಿಕೊಡ್ತಾರೆ' ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಕೊಟ್ಟು ಬರೆಸುವುದು ನಕಲಿಗಿಂತ ದೊಡ್ಡ ಅಪರಾಧ ಅಂತ ಅಲ್ಲಿ ನೋಡುತ್ತಾರೆ.

ಸೆಂಟರ್‌ಗೆ ಹೋದವರು ಬೇಸರಪಟ್ಟು ಬರುವುದು ಒಂದೇ ಕಾರಣಕ್ಕೆ: 'ತಪ್ಪೆಲ್ಲ ತಿದ್ದಿಕೊಡಿ' ಅಂತ ಕೇಳುತ್ತಾರೆ, ಅವರು ತಿದ್ದಿಕೊಡುವುದಿಲ್ಲ. ಅವರ ಕೆಲಸವೇ ಅದಲ್ಲ. ಪೆನ್ನು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು ಅನ್ನುವುದು ಅಲ್ಲಿನ ಪದ್ಧತಿ. ಹಾಗಾದರೆ ಉಪಯೋಗಿಸಿಕೊಳ್ಳುವುದು ಹೇಗೆ?

ಡೆಡ್‌ಲೈನ್‌ಗೆ ಒಂದು ವಾರ ಮುಂಚೆ ಬುಕ್ ಮಾಡಲಿ. ಸೆಮಿಸ್ಟರಿನ ಮಧ್ಯಭಾಗ, ಕೊನೆಯ ಎರಡು ವಾರಗಳಲ್ಲಿ ಸ್ಲಾಟ್ ಸಿಗುವುದೇ ಕಷ್ಟ. ಪ್ರಾಂಪ್ಟ್, ಅಂದರೆ ಟೀಚರ್ ಕೊಟ್ಟ ಅಸೈನ್‌ಮೆಂಟ್ ಹಾಳೆ, ಜೊತೆಗಿರಲೇಬೇಕು. ಅದಿಲ್ಲದೆ ಹೋದರೆ ಮೊದಲ ಹತ್ತು ನಿಮಿಷ 'ನಿಮ್ಮ ಟೀಚರ್ ಏನು ಕೇಳಿದ್ದಾರೆ' ಅನ್ನುವುದರಲ್ಲೇ ಕಳೆಯುತ್ತದೆ. ಐವತ್ತು ನಿಮಿಷದಲ್ಲಿ ಗಮನವಿಟ್ಟು ನೋಡಲಾಗುವುದು ಮೂರರಿಂದ ಐದು ಪುಟ. ಹನ್ನೆರಡು ಪುಟ ಒಯ್ದರೆ ಯಾವ ಮೂರು ಪುಟ ಬೇಕು ಅಂತ ಮೊದಲೇ ತೀರ್ಮಾನಿಸಿರಲಿ. ಕೇಳುವ ಪ್ರಶ್ನೆ ನಿರ್ದಿಷ್ಟವಾಗಿರಲಿ: 'ಮೂರನೇ ಪ್ಯಾರಾ ನನ್ನ ವಾದಕ್ಕೆ ಹೇಗೆ ಸೇರುತ್ತದೆ ಅಂತ ಓದುಗರಿಗೆ ಗೊತ್ತಾಗ್ತಿದೆಯಾ?' ಇಂಥದ್ದು ಕೇಳಿದರೆ ಅವರು ಬಹಳ ಚೆನ್ನಾಗಿ ಸಹಾಯ ಮಾಡುತ್ತಾರೆ.

ವ್ಯಾಕರಣದ ಸಹಾಯವೂ ಸಿಗುತ್ತದೆ, ಆದರೆ ಬೇರೆ ರೀತಿಯಲ್ಲಿ. 'ನಾನು ಮತ್ತೆ ಮತ್ತೆ ಮಾಡುವ ಒಂದು ತಪ್ಪು ಹಿಡಿದುಕೊಡಿ' ಅಂತ ಕೇಳಬೇಕು. ಕನ್ನಡದವರಲ್ಲಿ ಅದು ಸಾಮಾನ್ಯವಾಗಿ 'ಎ' ಮತ್ತು 'ದಿ'. ನಮ್ಮ ಭಾಷೆಯಲ್ಲಿ ಆ ಜಾತಿಯ ಪದವೇ ಇಲ್ಲ, 'ಒಂದು', 'ಆ' ಹಾಕಿ ನಿಭಾಯಿಸುತ್ತೇವೆ, ಇಲ್ಲ ಬಿಟ್ಟೇಬಿಡುತ್ತೇವೆ. ಇನ್ನೊಂದು 'ಡಿಸ್ಕಸ್ ಅಬೌಟ್', 'ರಿವರ್ಟ್ ಬ್ಯಾಕ್' ಇಂಥ ನಮ್ಮ ಆಫೀಸ್ ಇಂಗ್ಲಿಷ್. ಒಂದು ಪುಟದಲ್ಲಿ ಟ್ಯೂಟರ್ ಜೊತೆ ಹುಡುಕಿದರೆ ಉಳಿದ ಪುಟಗಳಲ್ಲಿ ತಾನೇ ಹುಡುಕಬಲ್ಲಳು. ಲೇಖನವನ್ನು ಗಟ್ಟಿಯಾಗಿ ಓದಿಸುತ್ತಾರೆ. ನಾಚಿಕೆಪಡಬಾರದು, ತಪ್ಪು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಬುಕ್ ಮಾಡಿ ಹೋಗದೇ ಇರುವುದು ಎರಡು ಮೂರು ಸಲ ಆದರೆ ಆ ಸೆಮಿಸ್ಟರ್‌ಗೆ ಅಕೌಂಟ್ ಲಾಕ್ ಮಾಡುವ ಕಡೆಗಳಿವೆ. ಬರಲಾಗದಿದ್ದರೆ ಹಿಂದಿನ ದಿನವೇ ರದ್ದು ಮಾಡಲಿ.

ಲೈಬ್ರರಿಯನ್ನು ನಮ್ಮವರು ಓದಿಕೊಳ್ಳುವ ಜಾಗ ಅಂದುಕೊಳ್ಳುತ್ತಾರೆ. ಅಲ್ಲಿ ವಿಷಯಕ್ಕೊಬ್ಬ ಲೈಬ್ರೇರಿಯನ್ ಇರುತ್ತಾರೆ, ಚಾಟ್‌ನಲ್ಲೂ ಸಿಗುತ್ತಾರೆ. 'ಈ ವಿಷಯಕ್ಕೆ ಗೂಗಲ್‌ನಲ್ಲಿ ಬರೀ ಬ್ಲಾಗ್ ಬರ್ತಿದೆ' ಅಂದರೆ ಯಾವ ಡೇಟಾಬೇಸ್, ಯಾವ ಹುಡುಕುಪದ ಅಂತ ತೋರಿಸಿಕೊಡುತ್ತಾರೆ. ಪುಸ್ತಕ ಅಲ್ಲಿಲ್ಲದಿದ್ದರೆ ಬೇರೆ ಯೂನಿವರ್ಸಿಟಿಯಿಂದ ತರಿಸಿಕೊಡುತ್ತಾರೆ, ಅದಕ್ಕೆ ಇಂಟರ್‌ಲೈಬ್ರರಿ ಲೋನ್ ಅನ್ನುತ್ತಾರೆ. ಲೇಖನದ ಪಿಡಿಎಫ್ ಎಷ್ಟೋ ಸಲ ಕೆಲವೇ ದಿನದಲ್ಲಿ ಬರುತ್ತದೆ, ಅಚ್ಚಿನ ಪುಸ್ತಕ ನಿಧಾನ. ವಿಷಯ ಆರಿಸಿದ ದಿನವೇ ಅರ್ಜಿ ಹಾಕಿಬಿಡಲಿ. ಹಣ ಕೇಳುವ ಜರ್ನಲ್ ಪುಟಕ್ಕೆ ಕಾರ್ಡ್ ನಂಬರ್ ಕೊಡಲೇಬಾರದು, ಲೈಬ್ರರಿ ಲಾಗಿನ್ ಮೂಲಕ ಹೋದರೆ ಬಹುತೇಕ ಅದೇ ಲೇಖನ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಕೆಟ್ಟರೆ ಎರವಲು ಕೊಡುವ ವ್ಯವಸ್ಥೆಯೂ ಬಹಳ ಲೈಬ್ರರಿಗಳಲ್ಲಿದೆ.

ಮೂಲಗಳನ್ನು ಜೋಡಿಸಿಡಲು ಜೊಟೇರೊ ಅನ್ನುವ ಸಾಫ್ಟ್‌ವೇರ್ ಉಚಿತ. ಆದರೆ ಅದು ಕೊಟ್ಟದ್ದನ್ನು ಹಾಗೇ ಅಂಟಿಸಬಾರದು. ಶೀರ್ಷಿಕೆಯ ದೊಡ್ಡಕ್ಷರ, ಲೇಖಕರ ಹೆಸರಿನ ಹಿಂದುಮುಂದು ಇವೆರಡೂ ತಪ್ಪುವುದು ಸಾಮಾನ್ಯ. ಪರ್ಡ್ಯೂ ಯೂನಿವರ್ಸಿಟಿಯ ಆನ್‌ಲೈನ್ ರೈಟಿಂಗ್ ಲ್ಯಾಬ್ 1994ರಿಂದ ಎಲ್ಲರಿಗೂ ತೆರೆದಿದೆ, ಉಲ್ಲೇಖದ ಮಾದರಿಗಳೆಲ್ಲ ಅಲ್ಲಿವೆ.

ತೇಪೆ_ಬೇಡ:

ಪರ್ಸೆಂಟ್ ಪ್ರಶ್ನೆಗೆ ನೇರ ಉತ್ತರ: ಅಂಥ ಸುರಕ್ಷಿತ ಸಂಖ್ಯೆ ಇಲ್ಲ. ಟರ್ನಿಟಿನ್ ಅನ್ನುವ ಆ ಸಾಫ್ಟ್‌ವೇರ್ ಹೇಳುವುದು 'ಹೋಲಿಕೆ ಎಷ್ಟು' ಅಂತ, 'ನಕಲು ಎಷ್ಟು' ಅಂತಲ್ಲ. ಉಲ್ಲೇಖ ಚಿಹ್ನೆಯೊಳಗಿನ ಸಾಲು, ಕೊನೆಯ ಗ್ರಂಥಪಟ್ಟಿ, ಅಸೈನ್‌ಮೆಂಟಿನ ಪ್ರಶ್ನೆ ಎಲ್ಲವನ್ನೂ ಅದು ಹೋಲಿಕೆ ಅಂತ ಎಣಿಸಬಹುದು. 30 ತೋರಿಸಿದ ಲೇಖನ ಪೂರ್ತಿ ಪ್ರಾಮಾಣಿಕ ಇರಬಹುದು, 4 ತೋರಿಸಿದ್ದರಲ್ಲಿ ಆ ನಾಲ್ಕೂ ಒಂದೇ ಕದ್ದ ಪ್ಯಾರಾ ಆಗಿರಬಹುದು. ಟೀಚರ್ ಬಣ್ಣ ಹಚ್ಚಿದ ಸಾಲುಗಳನ್ನು ತೆರೆದು ನೋಡುತ್ತಾರೆ. ವಿದ್ಯಾರ್ಥಿಗೂ ವರದಿ ಕಾಣುವಂತೆ ಇಟ್ಟಿದ್ದರೆ ಡೆಡ್‌ಲೈನ್‌ಗೆ ಎರಡು ದಿನ ಮುಂಚೆ ಹಾಕಿ ನೋಡಲಿ. ಮೂರು ಸಲ ಮರುಸಲ್ಲಿಸಿದ ಮೇಲೆ ಹೊಸ ವರದಿಗೆ 24 ಗಂಟೆ ಕಾಯಬೇಕಾಗುತ್ತದೆ, ಕೊನೆಯ ರಾತ್ರಿ ಅದನ್ನು ನಂಬಿ ಕೂರುವಂತಿಲ್ಲ.

ನಮ್ಮ ಮಕ್ಕಳು ಸಿಕ್ಕಿಬೀಳುವುದು ಪೂರ್ತಿ ನಕಲು ಮಾಡಿ ಅಲ್ಲ, ತೇಪೆ ಹಾಕಿ. ಗೈಡ್ ನೋಡಿ ಪದ ಬದಲಿಸಿ ಬರೆದರೆ ಪೂರ್ಣಾಂಕ ಸಿಕ್ಕ ಹನ್ನೆರಡು ವರ್ಷದ ಅಭ್ಯಾಸ ಅದು, ಮೋಸದ ಉದ್ದೇಶವೇ ಇರುವುದಿಲ್ಲ. ಉದಾಹರಣೆಗೆಂದು ಒಂದು ವಾಕ್ಯ ಕಟ್ಟಿದ್ದೇನೆ, ನೋಡಿ.

ಮೂಲ: 'ಕೆರೆಗೆ ನೀರು ತರುವ ರಾಜಕಾಲುವೆಗಳು ಮುಚ್ಚಿಹೋಗಿರುವಾಗ ಹೂಳೆತ್ತುವುದರಿಂದ ಮಾತ್ರ ಕೆರೆ ತುಂಬುವುದಿಲ್ಲ.'

ತೇಪೆ: 'ಕೆರೆಗೆ ನೀರು ಹರಿಸುವ ರಾಜಕಾಲುವೆಗಳು ಬಂದ್ ಆಗಿರುವಾಗ ಹೂಳು ತೆಗೆದ ಮಾತ್ರಕ್ಕೆ ಕೆರೆ ಭರ್ತಿಯಾಗುವುದಿಲ್ಲ.'

ಪದ ಬದಲಾಯಿತು, ವಾಕ್ಯದ ಎಲುಬು ಹಾಗೇ ಉಳಿಯಿತು. ಕೊನೆಗೆ ಲೇಖಕರ ಹೆಸರು ಹಾಕಿದರೂ ಇದು ತಪ್ಪೇ, ಯಾಕೆಂದರೆ ಉಲ್ಲೇಖ ಚಿಹ್ನೆ ಇಲ್ಲ ಅಂದರೆ ವಾಕ್ಯ ನನ್ನದು ಅಂತ ಓದುಗರಿಗೆ ಹೇಳಿದಂತೆ.

ಸರಿ: 'ಹೂಳೆತ್ತಲು ಹಣ ಸುರಿಯುವ ಮೊದಲು ನೀರು ಬರುವ ದಾರಿ ತೆರವಾಗಬೇಕು ಎಂಬುದು ಈ ಲೇಖಕರ ನಿಲುವು.' ಕೊನೆಗೆ ಕಂಸದಲ್ಲಿ ಲೇಖಕರ ಕೊನೆಯ ಹೆಸರು ಮತ್ತು ಪುಟ ಸಂಖ್ಯೆ. ಎಂಎಲ್ಎ (ಮೂಲಗಳನ್ನು ಉಲ್ಲೇಖಿಸುವ ಒಂದು ಪದ್ಧತಿ) ಶೈಲಿಯಲ್ಲಿ ಆ ಎರಡರ ನಡುವೆ ಅಲ್ಪವಿರಾಮ ಇಲ್ಲ, 'ಪುಟ' ಅನ್ನುವ ಪದವೂ ಇಲ್ಲ.

ಮಾಡುವ ಕ್ರಮ ಸರಳ. ಪ್ಯಾರಾವನ್ನು ಎರಡು ಸಲ ಓದು, ಟ್ಯಾಬ್ ಮುಚ್ಚು, ಗೆಳತಿಗೆ ಹೇಳುವಂತೆ ಕಾಗದದ ಮೇಲೆ ಬರೆ. ಬೇಕಿದ್ದರೆ ಕನ್ನಡದಲ್ಲೇ ಟಿಪ್ಪಣಿ ಮಾಡಿಕೊ. ಇದು ಒಳ್ಳೆಯ ಉಪಾಯ, ಮೂಲದ ಇಂಗ್ಲಿಷ್ ವಾಕ್ಯ ತಲೆಯಲ್ಲಿ ಅಂಟಿಕೊಂಡಿರುವುದಿಲ್ಲ. ಆಮೇಲೆ ತಾನೇ ಇಂಗ್ಲಿಷ್‌ನಲ್ಲಿ ಬರೆದು ಮೂಲದ ಜೊತೆ ಹೋಲಿಸಿ ನೋಡು. ಇನ್ನೊಂದು ಗೊತ್ತಿರಲಿ: ತನ್ನದೇ ಹಳೆಯ ಲೇಖನವನ್ನು ಇನ್ನೊಂದು ಕೋರ್ಸ್‌ಗೆ ಕೇಳದೆ ಕೊಡುವುದೂ ಅಲ್ಲಿ ಉಲ್ಲಂಘನೆ.

ಎಐ ವಿಷಯ. ಪೂರ್ತಿ ಯೂನಿವರ್ಸಿಟಿಗೆ ಒಂದೇ ನಿಯಮ ಅಂತ ನಂಬಬೇಡಿ. ಒಂದೇ ಕಟ್ಟಡದಲ್ಲಿ ಒಬ್ಬ ಟೀಚರ್ ಪೂರ್ತಿ ನಿಷೇಧಿಸಿರುತ್ತಾರೆ, ಪಕ್ಕದ ರೂಮಿನವರು ವಿಷಯ ಹುಡುಕಲು ಬಿಡುತ್ತಾರೆ, ಮೂರನೆಯವರು ಬಳಸಿ ಆದರೆ ತಿಳಿಸಿ ಅನ್ನುತ್ತಾರೆ. ಸಿಲೆಬಸ್‌ನಲ್ಲಿರುವುದೇ ಆ ತರಗತಿಯ ಕಾನೂನು. ಗ್ರ್ಯಾಮರ್ಲಿಯ ಕೆಂಪು ಗೆರೆ ನೋಡಿ ಕಾಗುಣಿತ ತಿದ್ದುವುದಕ್ಕೂ, ಅದರ 'ಮರುಬರೆ' ಗುಂಡಿ ಒತ್ತಿ ಇಡೀ ಪ್ಯಾರಾ ಬದಲಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯದು ಎಐ ಬರಹವೇ. ಕನ್ನಡದಲ್ಲಿ ಬರೆದು ಗೂಗಲ್‌ನಿಂದ ಇಂಗ್ಲಿಷ್ ಮಾಡಿಸಿದ್ದನ್ನೂ ಕೆಲವರು ಒಪ್ಪುವುದಿಲ್ಲ. ಸ್ಪಷ್ಟವಿಲ್ಲದಿದ್ದರೆ ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಲಿ. ಮಾತಲ್ಲಿ ಕೇಳಿದ್ದು ಸಾಕ್ಷಿಯಾಗುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಟರ್ನಿಟಿನ್ 2023ರ ಏಪ್ರಿಲ್‌ನಲ್ಲಿ ಎಐ ಪತ್ತೆ ಸೇರಿಸಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಬೇರೆ ಏಳು ಪತ್ತೆ ಉಪಕರಣಗಳಿಗೆ 91 ಟೋಫೆಲ್ ಪ್ರಬಂಧಗಳನ್ನು ಹಾಕಿ ನೋಡಿದಾಗ, ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಎಐ ಬರೆದದ್ದು ಅಂತ ತೋರಿಸಿದವು. ಸರಳ ಪದ, ಊಹಿಸಬಹುದಾದ ವಾಕ್ಯರಚನೆ ಇದ್ದರೆ ಯಂತ್ರಕ್ಕೆ ಅನುಮಾನ. ಎರಡನೇ ಭಾಷೆಯಲ್ಲಿ ಬರೆಯುವವರ ಬರಹ ಹಾಗಿರುವುದು ಸಹಜ. ಏನೂ ತಪ್ಪು ಮಾಡದ ಮಗುವೂ ಉತ್ತರ ಕೊಡಬೇಕಾಗಿ ಬರಬಹುದು. ಅದಕ್ಕೆ ಮದ್ದು ಒಂದೇ, ಬರೆದ ದಾರಿಯ ಗುರುತು. ಮೊದಲ ಸಾಲಿನಿಂದಲೇ ಗೂಗಲ್ ಡಾಕ್ಸ್‌ನಲ್ಲೋ ಒನ್‌ಡ್ರೈವ್‌ನಲ್ಲಿಟ್ಟ ವರ್ಡ್‌ನಲ್ಲೋ ಬರೆಯಲಿ, ವರ್ಷನ್ ಹಿಸ್ಟರಿ ತಾನಾಗೇ ಉಳಿಯುತ್ತದೆ. ಬೇರೆಡೆ ಬರೆದು ಒಟ್ಟಿಗೆ ಅಂಟಿಸಿದರೆ ಹಿಸ್ಟರಿಯಲ್ಲಿ ಸಾವಿರ ಪದ ಒಂದೇ ಕ್ಷಣದಲ್ಲಿ ಬಂದಂತೆ ಕಾಣುತ್ತದೆ. ಕೈಬರಹದ ಟಿಪ್ಪಣಿಯ ಫೋಟೋ, ಗೀಚಿದ ಪಿಡಿಎಫ್‌ಗಳು, ರೈಟಿಂಗ್ ಸೆಂಟರ್ ಭೇಟಿಯ ಮೇಲ್ ಎಲ್ಲ ಒಂದು ಫೋಲ್ಡರ್‌ನಲ್ಲಿರಲಿ, ಗ್ರೇಡ್ ಬಂದಾಗುವವರೆಗೆ ಅಳಿಸುವುದು ಬೇಡ.

ನೋಟಿಸ್ ಬಂದರೆ ಗಾಬರಿಯಲ್ಲಿ ರಾತ್ರಿಯೇ ಉದ್ದ ಮೇಲ್ ಬರೆಯಬಾರದು. ಉತ್ತರಿಸಲು ಎಷ್ಟು ದಿನ ಅಂತ ನೋಡಿ, ಭೇಟಿಗೆ ಸಮಯ ಕೇಳಿ, ಫೋಲ್ಡರ್ ಹಿಡಿದು ಹೋಗಲಿ. ಹೆದರಿ ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಮಕ್ಕಳಿದ್ದಾರೆ, ಹಾಗೆ ಮಾಡಬಾರದು. ಮಾಡಿದ್ದರೆ ಮುಚ್ಚಿಡಲೂಬಾರದು. ಮೊದಲ ಸಲ, ಸಣ್ಣದು, ಒಪ್ಪಿಕೊಂಡರು ಅಂದರೆ ಮರುಬರಹಕ್ಕೋ ಆ ಅಸೈನ್‌ಮೆಂಟ್‌ಗೆ ಸೊನ್ನೆಗೋ ಮುಗಿಯುವುದುಂಟು. ದುಡ್ಡು ಕೊಟ್ಟು ಬರೆಸಿದ್ದು, ಸುಳ್ಳು ಮೂಲ ಸೃಷ್ಟಿಸಿದ್ದು ಹಾಗೆ ಮುಗಿಯುವುದಿಲ್ಲ. ಎಲ್ಲೂ ಇಲ್ಲದ ಪುಸ್ತಕಗಳ ಹೆಸರನ್ನೂ ಎಐ ಧೈರ್ಯವಾಗಿ ಹೇಳುತ್ತದೆ, ಪಟ್ಟಿಯಲ್ಲಿರುವ ಪ್ರತಿ ಮೂಲವನ್ನೂ ಲೈಬ್ರರಿಯಲ್ಲಿ ತೆರೆದು ನೋಡಿಯೇ ಹಾಕಬೇಕು.

ಬೆಣ್ಣೆದೋಸೆ_ಊರಿನವ:

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಲಾ? ಮೊದಲ ಸೆಮಿಸ್ಟರ್ ತೀರಾ ಕಷ್ಟ ಆದ್ರೆ ಈ ಒಂದು ಕೋರ್ಸ್ ಬಿಟ್ಟು ಮುಂದಿನ ಸಲ ತಗೋಬಹುದಾ? ಮತ್ತೆ ನಾವು ಇಲ್ಲಿಂದ ಪ್ರೊಫೆಸರ್‌ಗೆ ಮೇಲ್ ಮಾಡಿ ಮಗಳು ಹೇಗೆ ಓದ್ತಿದ್ದಾಳೆ ಅಂತ ವಿಚಾರಿಸಬಹುದಾ?

ಐ20_ಕಾಗದ:

ಎರಡನೆಯದಕ್ಕೆ ಮೊದಲು: ಆಗುವುದಿಲ್ಲ. ಫರ್ಪಾ ಅಂತ 1974ರ ಕಾಯ್ದೆ ಇದೆ. ಕಾಲೇಜು ಸೇರಿದ ದಿನದಿಂದ ಓದಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು, ಫೀಸು ಕಟ್ಟುವವರದ್ದಲ್ಲ. ಮಗಳು ಬರೆದು ಅನುಮತಿ ಕೊಡದೆ ಅವಳ ಗ್ರೇಡ್, ಹಾಜರಾತಿ ಹೇಳುವಂತಿಲ್ಲ. ನೀವು ಮೇಲ್ ಮಾಡಿದರೆ 'ಮಗಳನ್ನೇ ಕೇಳಿ' ಅಂತ ಉತ್ತರ ಬರುತ್ತದೆ, ಅದು ಅಹಂಕಾರ ಅಲ್ಲ. ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಅವಳೇ ಗ್ರೇಡ್ ಪುಟ ತೋರಿಸಲಿ ಅಂತ ಮಾತಾಡಿಕೊಳ್ಳಿ, ಅಷ್ಟೇ ಸಾಕು.

ಕೋರ್ಸ್ ಬಿಡುವ ವಿಷಯ ವೀಸಾಗೆ ಸಂಬಂಧಿಸಿದ್ದು, ದಯವಿಟ್ಟು ಗಮನವಿಟ್ಟು ಓದಿ. ಎಫ್-1 (ವಿದ್ಯಾರ್ಥಿ) ವೀಸಾದ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. 15 ತೆಗೆದುಕೊಂಡಿದ್ದರೆ 3 ಕ್ರೆಡಿಟ್‌ನ ಇದನ್ನು ಬಿಟ್ಟರೂ 12 ಉಳಿಯುತ್ತದೆ, ತೊಂದರೆ ಇಲ್ಲ. 12, 13 ಅಥವಾ 14ರಲ್ಲಿದ್ದಾಗ ಬಿಟ್ಟರೆ ಮಿತಿಗಿಂತ ಕೆಳಗೆ ಹೋಗುತ್ತಾಳೆ. ಬಿಡುವ ಗುಂಡಿ ಒತ್ತುವ ಮೊದಲೇ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಡಿಎಸ್ಓ (ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಅವರಿಂದ ಒಪ್ಪಿಗೆ ಪಡೆದಿರಬೇಕು, ಬಿಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ವೆಬ್‌ಸೈಟ್ ತಡೆಯುವುದಿಲ್ಲ, ಒಂದೇ ಕ್ಲಿಕ್‌ಗೆ ಕೋರ್ಸ್ ಬಿಡಿಸಿಬಿಡುತ್ತದೆ, ವೀಸಾ ಸ್ಟೇಟಸ್ ಮಾತ್ರ ಹೋಗಿರುತ್ತದೆ. ಇಂಗ್ಲಿಷ್ ಭಾಷೆ ಅಥವಾ ಓದಿನ ಹೊರೆಗೆ ಆರಂಭದ ತೊಡಕು, ಅಮೆರಿಕದ ಬೋಧನಾ ಪದ್ಧತಿಯ ಪರಿಚಯ ಇಲ್ಲದಿರುವುದು, ತಪ್ಪು ಹಂತದ ಕೋರ್ಸ್‌ಗೆ ಹಾಕಿರುವುದು, ಇವಕ್ಕೆ ಕ್ರೆಡಿಟ್ ಕಡಿತಕ್ಕೆ ನಿಯಮದಲ್ಲೇ ಅವಕಾಶ ಇದೆ. ಆಗಲೂ ಕನಿಷ್ಠ 6 ಕ್ರೆಡಿಟ್ ಇರಬೇಕು, ಮುಂದಿನ ಸೆಮಿಸ್ಟರ್ ಪೂರ್ಣ ಹೊರೆಗೆ ಮರಳಬೇಕು, ಒಂದು ಪದವಿ ಹಂತಕ್ಕೆ ಇದು ಒಂದೇ ಸಲ. ಆ ಒಂದು ಅವಕಾಶವನ್ನು ಮೊದಲ ಸೆಮಿಸ್ಟರ್‌ನಲ್ಲೇ ಖರ್ಚು ಮಾಡುವ ಮುನ್ನ ಯೋಚಿಸಿ. ಆನ್‌ಲೈನ್ ಸೆಕ್ಷನ್ ಸುಲಭ ಅಂತಲೂ ಹೋಗಬೇಡಿ. ಪೂರ್ಣ ಹೊರೆಯ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ಕೋರ್ಸ್, ಅಂದರೆ 3 ಕ್ರೆಡಿಟ್ ಮಾತ್ರ ಸೇರುತ್ತದೆ.

ಹೆಣ್ಣುಮಗು ಅಂತ ಇದನ್ನೂ ಹೇಳಬೇಕು. ಮೊದಲ ಅಸೈನ್‌ಮೆಂಟ್ ಹಲವು ಕಡೆ ಸ್ವಂತ ಅನುಭವದ ಬರಹ. ಕಿರುಕುಳ, ದೌರ್ಜನ್ಯದ ಅನುಭವ ಅದರಲ್ಲಿ ಬಂದರೆ, ಟೈಟಲ್ ನೈನ್ ಅನ್ನುವ 1972ರ ಕಾನೂನಿನಡಿ ಅದನ್ನು ಸಂಬಂಧಪಟ್ಟ ಕಚೇರಿಗೆ ತಿಳಿಸುವ ಹೊಣೆಯನ್ನು ಎಷ್ಟೋ ಯೂನಿವರ್ಸಿಟಿಗಳು ಟೀಚರ್ ಮೇಲೆ ಹಾಕಿರುತ್ತವೆ. ಗುಟ್ಟಾಗಿ ಮಾತಾಡಬೇಕು ಅನ್ನಿಸಿದರೆ ಕೌನ್ಸೆಲಿಂಗ್ ಸೆಂಟರ್ ಸರಿಯಾದ ಜಾಗ, ಅಲ್ಲಿ ಗೋಪ್ಯತೆ ಇದೆ. ಇದು ಬರೆಯುವ ಮೊದಲೇ ಗೊತ್ತಿರಬೇಕು.

ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಅಥವಾ ಬೇರೆ ತೊಂದರೆ ಇದ್ದರೆ ಹೆಚ್ಚುವರಿ ಸಮಯ ಇತ್ಯಾದಿ ಹಕ್ಕಿನಿಂದ ಸಿಗುತ್ತದೆ. ಆದರೆ ಅದಕ್ಕಾಗಿಯೇ ಇರುವ ಕಚೇರಿಯಲ್ಲಿ ನೋಂದಾಯಿಸಿ, ಅವರ ಪತ್ರ ಟೀಚರ್‌ಗೆ ತಲುಪಿದ ದಿನದಿಂದ ಮಾತ್ರ. ಹಿಂದಿನ ಅಸೈನ್‌ಮೆಂಟ್‌ಗೆ ಅನ್ವಯಿಸುವುದಿಲ್ಲ. ಇಲ್ಲಿನ ವೈದ್ಯರ ವರದಿಯನ್ನು ಇಂಗ್ಲಿಷ್‌ನಲ್ಲಿ, ಇತ್ತೀಚಿನ ದಿನಾಂಕದ್ದು, ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ.

ಕೆಂಪುಶಾಯಿ:

ಮೇಲಿನದಕ್ಕೆ ಒಂದು ಸೇರಿಸ್ತೀನಿ. ಬಿಡುವ ಯೋಚನೆ ಬರುವ ಮುಂಚೆ ಆಫೀಸ್ ಅವರ್ಸ್‌ಗೆ ಹೋಗಲಿ. ಈ ಪದ ನಮ್ಮವರನ್ನು ದಾರಿ ತಪ್ಪಿಸುತ್ತದೆ, 'ಮೇಷ್ಟ್ರು ಆಫೀಸ್ ಕೆಲಸ ಮಾಡೋ ಹೊತ್ತು, ತೊಂದರೆ ಕೊಡಬಾರದು' ಅಂದುಕೊಳ್ಳುತ್ತಾರೆ. ಅರ್ಥ ಉಲ್ಟಾ: ವಿದ್ಯಾರ್ಥಿಗಳಿಗೆ ಅಂತಲೇ ತೆಗೆದಿಟ್ಟ ಸಮಯ ಅದು. ಎಷ್ಟೋ ವಾರ ಯಾರೂ ಬರದೆ ಖಾಲಿ ಕೂತಿರುತ್ತಾರೆ. ಎರಡನೇ ವಾರದೊಳಗೆ ಒಮ್ಮೆ ಹೋಗಿ ಪ್ರಾಂಪ್ಟ್‌ನಲ್ಲಿ ಅರ್ಥವಾಗದ ಒಂದು ಸಾಲು ಕೇಳಿದರೂ ಸಾಕು, ಮುಂದೆ ಗಡುವು ವಿಸ್ತರಣೆ ಕೇಳಬೇಕಾದಾಗ ಮುಖ ಪರಿಚಯ ಇರುತ್ತದೆ. ವಿಸ್ತರಣೆ ಕೇಳುವುದಿದ್ದರೆ ಗಡುವಿಗೆ 24 ಅಥವಾ 48 ಗಂಟೆ ಮುಂಚೆ, ಎಷ್ಟು ದಿನ ಬೇಕು ಅಂತ ಹೇಳಿ, ಈವರೆಗೆ ಬರೆದದ್ದನ್ನು ಲಗತ್ತಿಸಿ. ಕಾರಣದ ಕಥೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಗ್ರೇಡ್ ವಿಷಯ: 102 ಅಥವಾ 108 ಮುಗಿಸಿದ ಲೆಕ್ಕಕ್ಕೆ ಬರಲು ಸಿ ಅಥವಾ ಅದಕ್ಕಿಂತ ಮೇಲೆ ಬೇಕು. ಡಿ ಬಂದರೆ ಮತ್ತೆ ಮಾಡಬೇಕು. ಗ್ರೇಡ್ ಅನ್ಯಾಯ ಅನ್ನಿಸಿದರೆ ಮೊದಲು ಟೀಚರ್, ಆಮೇಲೆ ರೈಟಿಂಗ್ ಪ್ರೋಗ್ರಾಂ ನಿರ್ದೇಶಕರು, ಆಮೇಲೆ ವಿಭಾಗ, ಈ ಮೆಟ್ಟಿಲು ಹಾರಿ ಡೀನ್‌ಗೆ ಬರೆದರೆ ವಾಪಸ್ ಕಳಿಸುತ್ತಾರೆ. 'ತುಂಬಾ ಕಷ್ಟಪಟ್ಟೆ' ಅನ್ನುವುದು ಆಧಾರವಾಗುವುದಿಲ್ಲ. ಸಿಲೆಬಸ್‌ನಲ್ಲಿ ಹೀಗಿದೆ, ಅಂಕ ಹೀಗೆ ಹಾಕಿದ್ದಾರೆ ಅಂತ ತೋರಿಸಬೇಕು. ಅದಕ್ಕೇ ಮೊದಲ ದಿನದ ಸಿಲೆಬಸ್ ಪಿಡಿಎಫ್ ಇಳಿಸಿಟ್ಟುಕೊಳ್ಳಲಿ.

ಹೊರಡುವ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸ: ಲ್ಯಾಪ್‌ಟಾಪ್‌ನಲ್ಲಿ ವರ್ಡ್ ತೆರೆದು ಪೇಪರ್ ಅಳತೆಯನ್ನು ಎ4ನಿಂದ ಲೆಟರ್‌ಗೆ ಬದಲಿಸಿ, ಅಲ್ಲಿನ ಹಾಳೆ ಎಂಟೂವರೆ ಇಂಚಿಗೆ ಹನ್ನೊಂದು. ನಾಲ್ಕೂ ಕಡೆ 1 ಇಂಚು ಅಂಚು, ಎಲ್ಲ ಕಡೆ ಡಬಲ್ ಸ್ಪೇಸ್, ಪ್ಯಾರಾ ಶುರುವಿಗೆ ಅರ್ಧ ಇಂಚು, ಗ್ರಂಥಪಟ್ಟಿಯಲ್ಲಿ ಮೊದಲ ಸಾಲು ಬಿಟ್ಟು ಉಳಿದವು ಅರ್ಧ ಇಂಚು ಒಳಗೆ. ಎಂಎಲ್ಎ ಶೈಲಿಯಲ್ಲಿ ಪ್ರತಿ ಪುಟದ ಬಲ ಮೇಲ್ತುದಿಯಲ್ಲಿ ಕೊನೆಯ ಹೆಸರು ಮತ್ತು ಪುಟ ಸಂಖ್ಯೆ ಬರಬೇಕು. ಇಲ್ಲಿ ನಮ್ಮವರಿಗೆ ಒಂದು ತೊಡಕು: ಹೆಸರಿನ ಜೊತೆ ಬರೀ ಇನಿಶಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತದೆ, ಹಾಜರಿ ಪಟ್ಟಿಯಲ್ಲೂ ಟೀಚರ್‌ಗೆ ಅದೇ ಕಾಣಬಹುದು. ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ಕರೆಯುವ ಹೆಸರು ಹಾಕುವ ಜಾಗ ಇದ್ದರೆ ಮೊದಲ ವಾರವೇ ತುಂಬಲಿ, ಎಲ್ಲ ಲೇಖನಗಳಲ್ಲೂ ಒಂದೇ ರೀತಿ ಬರೆಯಲಿ.

ಬೆಣ್ಣೆದೋಸೆ_ಊರಿನವ:

ಸರ್, ಅವಳ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು. ಐ-20ಯಲ್ಲೂ (ವೀಸಾಗೆ ಯೂನಿವರ್ಸಿಟಿ ಕೊಡೋ ಪತ್ರ) ಹಾಗೇ ಬಂದಿದೆ. ಪೋರ್ಟಲ್‌ಗೆ ಈಗಲೇ ಲಾಗಿನ್ ಇದೆ, ಇವತ್ತೇ ನೋಡಿಸ್ತೀನಿ. ಅಲ್ಲಿನ ಗಡುವು ರಾತ್ರಿ 11:59 ಅಂತ ಇದ್ರೆ ಯಾವ ಊರಿನ ಟೈಮ್ ಲೆಕ್ಕ?

ಗ್ರಂಥಾಲಯದ_ಮೂಲೆ:

ಟೆಂಪಿಯ ಸಮಯ. ಅರಿಜೋನಾದ ಹೆಚ್ಚಿನ ಕಡೆ ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡುವ ಪದ್ಧತಿ ಇಲ್ಲ, ವರ್ಷಪೂರ್ತಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 11:59 ಅಂದರೆ ನಿಮಗೆ ಮರುದಿನ ಮಧ್ಯಾಹ್ನ 12:29. ಕ್ಯಾನ್ವಾಸ್‌ನಲ್ಲಿ (ಅಸೈನ್‌ಮೆಂಟ್ ಸಲ್ಲಿಸುವ ವೆಬ್‌ಸೈಟ್) ಲಾಗಿನ್ ಆದ ಮೇಲೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಅರಿಜೋನಾ ಅಂತ ಇದೆಯಾ ನೋಡಲಿ. ಊರಲ್ಲಿದ್ದಾಗ ಕೋಲ್ಕತ್ತಾ ಅಂತ ಇಟ್ಟು ಹಾಗೇ ಮರೆತರೆ, ಗಡುವು ಮರುದಿನ ಮಧ್ಯಾಹ್ನ ಅಂತ ತೋರಿಸುತ್ತದೆ, ಅಲ್ಲಿನ ಮಧ್ಯಾಹ್ನ ಅಂದುಕೊಂಡು ಕೂತರೆ ಹನ್ನೆರಡೂವರೆ ಗಂಟೆ ತಡ. ಫೈಲ್ ಹಾಕಿದ ಮೇಲೆ ಪ್ರಿವ್ಯೂ ತೆರೆದು ನೋಡುವುದೂ ಕಡ್ಡಾಯ ಅಂದುಕೊಳ್ಳಲಿ. ಆಪಲ್‌ನ ಪೇಜಸ್ ಫೈಲ್, ಅನುಮತಿ ಇಲ್ಲದ ಗೂಗಲ್ ಲಿಂಕ್, ಹಳೆಯ ಡ್ರಾಫ್ಟ್, ಈ ಮೂರು ಹಾಕಿ 'ಸಬ್‌ಮಿಟ್ ಆಯ್ತು' ಅಂತ ಮಲಗುವವರು ಪ್ರತಿ ಸೆಮಿಸ್ಟರ್ ಇರುತ್ತಾರೆ. ಟೀಚರ್‌ಗೆ ಫೈಲ್ ತೆರೆಯದಿದ್ದರೆ ಬಹಳ ಕಡೆ ಅದು ಕೊಟ್ಟಿಲ್ಲ ಅಂತಲೇ ಲೆಕ್ಕ.